ಮೀನಿನ ತೊಟ್ಟಿಗೆ ಮರದ ಸ್ಟ್ಯಾಂಡ್: ಹೆದರಬೇಕಾದದ್ದು ತೂಕಕ್ಕಲ್ಲ, ಓಲಾಟಕ್ಕೆ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ತೊಟ್ಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮನೆಯಲ್ಲಿ ಇಡುವವರ ಪಾಲಿಗೆ ಇದು ದೊಡ್ಡ ಅಕ್ವೇರಿಯಂ. ಅಂಚಿನವರೆಗೆ ತುಂಬಿದರೆ 340 ಲೀಟರ್ ನೀರು ಹಿಡಿಯುತ್ತದೆ. ಎರಡು ಇಂಚು ಬಿಟ್ಟು ತುಂಬಿದರೂ 310 ಲೀಟರ್, ಅಂದರೆ ಅಷ್ಟೇ ಕಿಲೋ. ಹತ್ತು-ಹನ್ನೆರಡು ಮಿಲಿಮೀಟರ್ ದಪ್ಪದ ಗಾಜು 65ರಿಂದ 80 ಕಿಲೋ ತೂಗುತ್ತದೆ. ತಳಕ್ಕೆ ಎರಡಿಂಚು ಜಲ್ಲಿ ಹಾಸಿದರೆ ಇನ್ನೊಂದು 40 ಕಿಲೋ, ಮೇಲೆ ಒಂದಿಷ್ಟು ಕಲ್ಲು, ಮುಚ್ಚಳ. ಎಲ್ಲ ಸೇರಿ ಸುಮಾರು 450 ಕಿಲೋ. ಎರಡು ಬುಲೆಟ್ ಬೈಕು, ಜೊತೆಗೊಬ್ಬ ಸವಾರ ನಿಮ್ಮ ಹಾಲಿನ ಮೂಲೆಯಲ್ಲಿ ಮೇಜು ಹತ್ತಿ ನಿಂತಷ್ಟು ಭಾರ.

ಈ ಅಂಕಿ ಕೇಳಿದವರು ಮೊದಲು ಓಡುವುದೇ ದಪ್ಪ ಮರ ಹುಡುಕಿಕೊಂಡು. ತಪ್ಪು ತಿಳಿವಳಿಕೆಗಳೂ ಅಲ್ಲಿಂದಲೇ ಶುರು.

ತಪ್ಪು ಕಲ್ಪನೆ: ಅರ್ಧ ಟನ್ ಹೊರಬೇಕಾದರೆ ಕಾಲುಗಳು ಕಂಬದಂತಿರಬೇಕು.

ವಾಸ್ತವ: ಚೆನ್ನಾಗಿ ಒಣಗಿದ ಗಟ್ಟಿ ಜಾತಿಯ ಮರ ನಾರಿನ ದಿಕ್ಕಿಗೆ ನೇರವಾಗಿ ಬಿದ್ದ ಭಾರವನ್ನು ಹೊರುವುದರಲ್ಲಿ ಜಟ್ಟಿ. ಬಹಳ ಜಿಪುಣತನದಿಂದ, ಚದರ ಮಿಲಿಮೀಟರಿಗೆ ಅರ್ಧ ಕಿಲೋ ಎಂದಷ್ಟೇ ಹಿಡಿದರೂ ಎರಡಿಂಚು ಚೌಕದ ಒಂದು ಕಾಲು 1,250 ಕಿಲೋ ತಾಳುತ್ತದೆ. ಅಂಥವು ನಾಲ್ಕಿದ್ದರೆ ಐದು ಟನ್. ಅಂದರೆ ನಾಲ್ಕೂ ಮೂಲೆಗೆ ಐದಿಂಚಿನ ತೇಗದ ತುಂಡು ನಿಲ್ಲಿಸುವುದು ದುಡ್ಡು ದಂಡ. ಸ್ಟ್ಯಾಂಡು ಮುರಿದ ಕಡೆಗಳಲ್ಲಿ ನೋಡಿದರೆ ಕಾಲು ಜಜ್ಜಿಹೋಗಿರುವುದು ಅಪರೂಪ. ಕೈಕೊಟ್ಟಿರುವುದು ಕೂಡಿಸಿದ ಜಾಗ, ಇಲ್ಲವೇ ಇಡೀ ಚೌಕಟ್ಟೇ ಒಂದು ಪಕ್ಕಕ್ಕೆ ವಾಲಿರುತ್ತದೆ.

ತಪ್ಪು ಕಲ್ಪನೆ: ನಾಲ್ಕು ಇಂಚಿನ ಸ್ಕ್ರೂ ಹೊಡೆದರೆ ಯಾವ ಜೋಡಣೆಯೂ ಗಟ್ಟಿ.

ವಾಸ್ತವ: ಸ್ಕ್ರೂ ಇರುವುದು ಎರಡು ಮರಗಳನ್ನು ಒತ್ತಿ ಹಿಡಿಯಲು, ತೂಕ ನೇತುಹಾಕಲು ಅಲ್ಲ. ಮೇಲಿನ ಉದ್ದಪಟ್ಟಿಯನ್ನು ಕಾಲಿನ ಮಗ್ಗುಲಿಗೆ ಆನಿಸಿ ಸ್ಕ್ರೂ ಬಿಗಿದರೆ 450 ಕಿಲೋ ಪೂರ್ತಿ ಆ ನಾಲ್ಕಾರು ತಂತಿಯ ತುಂಡುಗಳ ಮೇಲೆ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಎರಡು ವರ್ಷಕ್ಕೆ ತೂತು ಸಡಿಲವಾಗುತ್ತದೆ. ಅದೇ ಪಟ್ಟಿಯನ್ನು ಕಾಲಿನ ನೆತ್ತಿಯ ಮೇಲೆ ಕೂರಿಸಿ. ಅಥವಾ ಕಾಲಿನಲ್ಲಿ ಕಚ್ಚು ತೆಗೆದು ಪಟ್ಟಿ ಅದರೊಳಗೆ ಕುಳಿತುಕೊಳ್ಳುವಂತೆ ಮಾಡಿ. ಆಗ ತೂಕ ಗಾಜಿನಿಂದ ಪಟ್ಟಿಗೆ, ಪಟ್ಟಿಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ, ಮರದ ಮೇಲೆ ಮರವಾಗಿಯೇ ಇಳಿಯುತ್ತದೆ. ಎಲ್ಲ ಸ್ಕ್ರೂ ಬಿಚ್ಚಿದರೂ ತೊಟ್ಟಿ ಕೆಳಕ್ಕೆ ಕುಸಿಯಬಾರದು, ಜೋಡಣೆಗೆ ನನ್ನ ಅಳತೆಗೋಲು ಇಷ್ಟೇ. ಹಳೆಯ ಕಾಲದ ಆಚಾರಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಡ್ರಿಲ್ಲಿಂಗ್ ಮೆಶೀನು ಕೈಗೆ ಬಂದಮೇಲೆ ಉಳಿ ಹಿಡಿಯದವರಿಗೆ ಮಾತ್ರ ಎದುರಲ್ಲಿ ನಿಂತು ಹೇಳಬೇಕಾಗುತ್ತದೆ.

ತಪ್ಪು ಕಲ್ಪನೆ: ನಾಲ್ಕು ಜನ ಹತ್ತಿ ಕುಣಿದರೂ ಏನೂ ಆಗಲಿಲ್ಲ, ಇನ್ನು ತೊಟ್ಟಿಗೇನು!

ವಾಸ್ತವ: ಇದು ಬಹಳ ಮೆಚ್ಚಿನ ಪರೀಕ್ಷೆ. ನೋಡಲು ಮಜವಾಗಿಯೂ ಇರುತ್ತದೆ. ಆದರೆ ನಾಲ್ಕು ಜನರ ತೂಕ 260 ಕಿಲೋ, ಅದೂ ಒಂದೆರಡು ನಿಮಿಷಕ್ಕೆ. ತೊಟ್ಟಿ ಹಗಲೂ ರಾತ್ರಿ ವರ್ಷಗಟ್ಟಲೆ ಕೂರುತ್ತದೆ. ಒಂದೇ ಸಮನೆ ಭಾರ ಹೊತ್ತ ಮರ ನಿಧಾನವಾಗಿ ಬಗ್ಗುತ್ತಲೇ ಹೋಗುತ್ತದೆ. ಮೊದಲ ದಿನ ಬಾಗಿದ್ದಕ್ಕಿಂತ ವರ್ಷಗಳ ಮೇಲಿನ ಬಾಗು ಒಂದೂವರೆ ಪಟ್ಟಿಗೂ ಹೆಚ್ಚಾದರೆ ಆಶ್ಚರ್ಯವಿಲ್ಲ.

ಪರೀಕ್ಷೆ ಮಾಡಲೇಬೇಕೆಂದರೆ ಮೇಲೆ ಹತ್ತಬೇಡಿ. ಸ್ಟ್ಯಾಂಡಿನ ಮೇಲಂಚನ್ನು ಪಕ್ಕದಿಂದ ಅಂಗೈಯಲ್ಲಿ ತಳ್ಳಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಚೂರು ಓಲಾಡಿದರೂ ಆ ಸ್ಟ್ಯಾಂಡು ತೊಟ್ಟಿಗೆ ಲಾಯಕ್ಕಲ್ಲ. ನಾಲ್ಕು ಕಾಲು, ನಾಲ್ಕು ಪಟ್ಟಿ ಮಾತ್ರ ಇರುವ ಚೌಕಟ್ಟು ಎಷ್ಟೇ ದಪ್ಪ ಮರದ್ದಾಗಿರಲಿ, ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿ ಓರೆಯಾಗಲು ನೋಡುತ್ತದೆ. ಮಕ್ಕಳು ಓಡಿಬಂದು ಒರಗುತ್ತಾರೆ, ಯಾರೋ ಸೋಫಾ ಎಳೆಯುವಾಗ ತಾಗಿಸುತ್ತಾರೆ. ಒಳಗಿನ ನೀರು ತುಯ್ದಾಡತೊಡಗಿದರೆ ಒಂದೊಂದು ತುಯ್ತಕ್ಕೂ ಜೋಡಣೆ ಮತ್ತಷ್ಟು ಸಡಿಲ.

ಇದಕ್ಕೆ ಮದ್ದು ಅಗ್ಗದ್ದು. ಬೆನ್ನಿನ ಕಡೆ ಮೇಲಿಂದ ಕೆಳಗಿನವರೆಗೆ ಒಂದೇ ಹಾಳೆಯಾಗಿ 9 ಅಥವಾ 12 ಮಿಲಿಮೀಟರಿನ ಪ್ಲೈವುಡ್ಡನ್ನು ಅಂಟು ಹಚ್ಚಿ, ಆರಾರು ಇಂಚಿಗೊಂದು ಸ್ಕ್ರೂ ಕೊಟ್ಟು ಬಿಗಿಯಿರಿ. ಎರಡೂ ಪಕ್ಕಗಳಿಗೂ ಹಾಗೆಯೇ ಹಾಕಿ. ಹಾಳೆ ಬೇಡವೆಂದರೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡಿ. ಹಾಳೆಯಾಗಲಿ ಓರೆಪಟ್ಟಿಯಾಗಲಿ ಬಂದಮೇಲೆ ಚೌಕ ಓರೆಯಾಗಲು ಜಾಗವೇ ಇರುವುದಿಲ್ಲ. ಪೈಪು, ವೈರು ಹೋಗಲು ಬೇಕಾದ ತೂತನ್ನು ಹಾಳೆಯ ನಡುಭಾಗದಲ್ಲಿ ಕೊರೆಯಿರಿ, ಮೂಲೆಗಳನ್ನು ಮುಟ್ಟಬೇಡಿ.

ತಪ್ಪು ಕಲ್ಪನೆ: ಅಗಲವಾದ ಹಲಗೆ ಮಲಗಿಸಿ ಹಾಕಿದರೆ ತೊಟ್ಟಿಗೆ ಒಳ್ಳೆಯ ಆಸರೆ.

ವಾಸ್ತವ: ಒಂದೂವರೆ ಇಂಚು ದಪ್ಪ, ನಾಲ್ಕು ಇಂಚು ಅಗಲದ ಎರಡು ಪಟ್ಟಿಗಳು ತೊಟ್ಟಿಯ ಭಾರವನ್ನು ಹಂಚಿಕೊಂಡಿವೆ, ಕಾಲುಗಳು ಎರಡು ತುದಿಯಲ್ಲಿ ಮಾತ್ರ ಇವೆ ಎಂದುಕೊಳ್ಳಿ. ತೇಗದಂಥ ಮರಕ್ಕೆ ಲೆಕ್ಕ ಹಾಕಿದರೆ ಮಲಗಿಸಿದ ಪಟ್ಟಿ ನಡುವಿನಲ್ಲಿ ಹನ್ನೊಂದು ಮಿಲಿಮೀಟರಿನಷ್ಟು ಬಾಗುತ್ತದೆ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಒಂದೂವರೆ ಮಿಲಿಮೀಟರ್ ಅಷ್ಟೆ. ಮರವೂ ಅದೇ, ದುಡ್ಡೂ ಅದೇ, ಬಾಗು ಏಳರಲ್ಲಿ ಒಂದು ಪಾಲು. ಎತ್ತರ ಎರಡರಷ್ಟಾದರೆ ಬಾಗದಿರುವ ಬಲ ಎಂಟರಷ್ಟಾಗುತ್ತದೆ, ದಪ್ಪ ಎರಡರಷ್ಟಾದರೆ ಬರೀ ಎರಡರಷ್ಟು. ಮನೆಯ ಮಾಳಿಗೆಗೆ ತೊಲೆ ಇಟ್ಟವರು ಅದನ್ನು ಯಾವತ್ತೂ ಮಲಗಿಸಿ ಇಡಲಿಲ್ಲ.

ಉದ್ದಕ್ಕೆ ನಡುವೆ ಇನ್ನೊಂದೊಂದು ಕಾಲು ಕೊಟ್ಟು ಅಂತರವನ್ನು ಅರ್ಧ ಮಾಡಿದರಂತೂ ಬಾಗು ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ನಾಲ್ಕು ಅಡಿ ದಾಟಿದ ಯಾವ ತೊಟ್ಟಿಗೂ ನಾನು ಆರು ಕಾಲೇ ಎನ್ನುತ್ತೇನೆ. ಒಂದೇ ಎಚ್ಚರ: ನಡುವಿನ ಕಾಲು ಉಳಿದವಕ್ಕಿಂತ ಕೂದಲೆಳೆಯಷ್ಟೂ ಉದ್ದವಾಗಬಾರದು. ಹಾಗಾದರೆ ತೊಟ್ಟಿ ನಡುವಿನ ಉಬ್ಬಿನ ಮೇಲೆ ಕೂರುತ್ತದೆ, ಅದು ಬಾಗಿಗಿಂತ ಕೆಟ್ಟದ್ದು.

ಒಂದೆರಡು ಮಿಲಿಮೀಟರಿಗೆ ಇಷ್ಟೆಲ್ಲ ರಂಪ ಯಾಕೆ ಎಂದು ಕೇಳಬಹುದು. ಮರ ಬಗ್ಗುತ್ತದೆ, ಗಾಜು ಬಗ್ಗುವುದಿಲ್ಲ. ಕೆಳಗಿನ ಆಸರೆ ಜಾರಿಕೊಂಡಾಗ ತೊಟ್ಟಿ ಎರಡು ತುದಿಗಳ ಮೇಲಷ್ಟೇ ನಿಲ್ಲುತ್ತದೆ, ತಳದ ಗಾಜು ಗಾಳಿಯಲ್ಲಿ ಉಳಿಯುತ್ತದೆ. ಸ್ಟ್ಯಾಂಡಿನ ಒಂದು ಮೂಲೆ ತಗ್ಗಾಗಿ ತಿರುಚಿಕೊಂಡಿದ್ದರೆ ಇನ್ನೂ ಅಪಾಯ. ಆ ತಿರುಚನ್ನು ಸಿಲಿಕೋನಿನ ಅಂಟುಗೆರೆಯೇ ತಾಳಿಕೊಳ್ಳಬೇಕು. ಕೆಲವು ತಿಂಗಳು ತಾಳಿಕೊಳ್ಳುತ್ತದೆ ಕೂಡ.

ತಪ್ಪು ಕಲ್ಪನೆ: ಕೆಳಗೆ ಥರ್ಮೋಕೋಲ್ ಹಾಕಿದರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: ಥರ್ಮೋಕೋಲ್ ಅಥವಾ ಫೋಮ್ ಹಾಳೆ ತಪ್ಪಿಸುವುದು ಸಣ್ಣ ಕಿರಿಕಿರಿಗಳನ್ನು: ಗಾಜಿನಡಿ ಸಿಕ್ಕ ಮರಳಿನ ಕಾಳು, ಸ್ವಲ್ಪ ಮೇಲೆದ್ದ ಸ್ಕ್ರೂ ತಲೆ, ಪ್ಲೈಯ ಮೇಲಿನ ಗೀರು. ತಳದ ಗಾಜು ಪೂರ್ತಿ ಹಲಗೆಗೆ ತಾಗಿ ಕೂರುವ ತೊಟ್ಟಿಗಳಿಗೆ ಅದು ಒಳ್ಳೆಯದೇ. ಸ್ಟ್ಯಾಂಡಿನ ತಿರುಚು, ಬಾಗು, ಇಳಿಜಾರನ್ನು ಅದು ಸರಿಮಾಡುವುದಿಲ್ಲ. ಇಳಿಜಾರಿದ್ದರೆ ಥರ್ಮೋಕೋಲೂ ಇಳಿಜಾರಾಗಿಯೇ ಕೂರುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು, ತಳದ ಗಾಜು ಸ್ವಲ್ಪ ಎತ್ತರದಲ್ಲಿ ತೇಲಿದಂತೆ ಇರುವ ತೊಟ್ಟಿಗಳೂ ಇವೆ. ಅವುಗಳ ಭಾರ ಬೀಳುವುದು ಅಂಚಿನ ಮೇಲೆ ಮಾತ್ರ. ಅಲ್ಲಿ ಮೆತ್ತನೆಯ ಹಾಳೆ ಹಾಕಿದರೆ ಅಂಚು ಒಳಗೆ ಹೂತು, ನಡುವಿನ ಹಾಳೆ ಉಬ್ಬಿ ತಳದ ಗಾಜನ್ನು ಒತ್ತಬಹುದು. ಅಂಗಡಿಯಲ್ಲಿ ತೊಟ್ಟಿ ಕೊಳ್ಳುವಾಗಲೇ ಬಗ್ಗಿ ತಳ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಪ್ಲೈವುಡ್ ದೊಡ್ಡ ತೊಟ್ಟಿ ತಡೆಯುವುದಿಲ್ಲ, ಏನಿದ್ದರೂ ಗಟ್ಟಿಮರವೇ ಬೇಕು.

ವಾಸ್ತವ: 18 ಅಥವಾ 19 ಮಿಲಿಮೀಟರ್ ಪ್ಲೈಯಲ್ಲಿ ಪೆಟ್ಟಿಗೆಯಂತೆ ಕಟ್ಟಿ, ನಡುವೆ ಒಂದು ಅಡ್ಡಗೋಡೆ ನಿಲ್ಲಿಸಿ, ಬೆನ್ನಿಗೆ ಪೂರ್ತಿ ಹಾಳೆ ಕೊಟ್ಟರೆ ಅದು ಧಾರಾಳವಾಗಿ ಹೊರುತ್ತದೆ. ಓಲಾಟ ತಡೆಯುವುದರಲ್ಲಿ ಕಾಲು-ಪಟ್ಟಿಯ ಚೌಕಟ್ಟಿಗಿಂತ ಪೆಟ್ಟಿಗೆಯೇ ಮೇಲು. ಮೇಲ್ಹಲಗೆ ಪಕ್ಕದ ಹಲಗೆಗಳ ತಲೆಯ ಮೇಲೆ ಕೂರಬೇಕು, ಅವುಗಳ ನಡುವೆ ಸಿಕ್ಕಿಸಿದಂತೆ ಇರಬಾರದು. ಮತ್ತೆ ಅದೇ ಮಾತು, ಭಾರ ಸ್ಕ್ರೂ ಮೇಲೆ ಬೀಳಕೂಡದು. ಪಾರ್ಟಿಕಲ್ ಬೋರ್ಡು, ಎಂಡಿಎಫ್‌ಗಳ ವಿಷಯ ಬೇರೆ. ಒಮ್ಮೆ ನೀರು ಕುಡಿದರೆ ಅವು ಊದಿಕೊಳ್ಳುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಅವುಗಳಿಂದ ಮಾಡಿದ ಟಿವಿ ಸ್ಟ್ಯಾಂಡಿನ ಮೇಲೆ ತೊಟ್ಟಿ ಇಡಲೇಬೇಡಿ.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಪ್ಲೈಗೆ, ತೇಗಕ್ಕೆ ನೀರಿನ ಭಯವಿಲ್ಲ.

ವಾಸ್ತವ: ಎಂಆರ್, ಬಿಡಬ್ಲ್ಯುಆರ್, ಬಿಡಬ್ಲ್ಯುಪಿ ಎಂದು ಹಾಳೆಯ ಮೇಲೆ ಒತ್ತಿರುವ ಅಕ್ಷರಗಳು ಮುಖ್ಯವಾಗಿ ಹೇಳುವುದು ಪದರಗಳ ನಡುವಿನ ಅಂಟಿನ ಗುಣವನ್ನು. ಎಂಆರ್ ಬರೀ ತೇವದ ಗಾಳಿಗೆ ತಡೆಯುವಂಥದ್ದು. ತೊಟ್ಟಿಯ ಕೆಲಸಕ್ಕೆ ಬೇಕಾದದ್ದು ಐಎಸ್ 710 ಗುರುತಿನ ಮೆರೈನ್ ಪ್ಲೈ, ಕಡೇಪಕ್ಷ ಐಎಸ್ 303ರ ಬಿಡಬ್ಲ್ಯುಆರ್. ಅಂಟು ಕುದಿನೀರಿಗೆ ಜಗ್ಗದಿದ್ದರೂ ಮರದ ಪದರ ನೀರು ಹೀರದೆ ಇರುವುದಿಲ್ಲ. ಗರಗಸ ಆಡಿಸಿದ ಅಂಚು ಅದಕ್ಕೆ ತೆರೆದ ಬಾಗಿಲು. ಮುಖಕ್ಕೆ ಸನ್‌ಮೈಕಾ ಅಂಟಿಸಿ ಹಿಂದಿನ ಅಂಚನ್ನು ಹಾಗೇ ಬಿಡುವುದು ನಮ್ಮಲ್ಲಿ ಮಾಮೂಲು. ತೊಟ್ಟಿಯಿಂದ ತೊಟ್ಟಿಕ್ಕುವ ನೀರು ಇಳಿಯುವುದೂ ಆ ಹಿಂದಿನ ಅಂಚಿನಲ್ಲೇ.

ಗಟ್ಟಿಮರದಲ್ಲಿ ತೇಗಕ್ಕೆ ಒಳ್ಳೆಯ ಹೆಸರಿದೆ, ಬೆಲೆಯೂ ಹಾಗೇ ಇದೆ. ಮತ್ತಿ, ಹಲಸು, ಹೊನ್ನೆ ಕೂಡ ಈ ಕೆಲಸಕ್ಕೆ ಸಾಕು. ಹೊನ್ನೆ ನೆನೆದರೆ ಹಳದಿ ಬಣ್ಣ ಬಿಡುತ್ತದೆ, ಗೋಡೆಗೆ ಬಿಳಿ ಬಣ್ಣವಿದ್ದವರು ಯೋಚಿಸಿ. ಇಂಥ ಒಂದು ಚೌಕಟ್ಟಿಗೆ ಒಂದೂವರೆ ಘನ ಅಡಿ ನಾಟಾ ಸಾಕಾಗುತ್ತದೆ. ಹಾಗಾಗಿ ಮರದ ಜಾತಿಗಿಂತ ಅದು ಒಣಗಿದೆಯೇ ಎಂಬುದನ್ನು ಹೆಚ್ಚು ವಿಚಾರಿಸಿ. ಹಸಿಮರ ಮನೆಯೊಳಗೆ ಬಂದಮೇಲೆ ಒಣಗುತ್ತಾ ತಿರುಚಿಕೊಳ್ಳುತ್ತದೆ. ಇನ್ನು ಬಣ್ಣ: ಎದುರಿಗೆ ಕಾಣುವ ಕಡೆ ಮೂರು ಕೋಟು ವಾರ್ನಿಷ್ ಹೊಡೆದು ಕಾಲಿನ ಅಂಗಾಲನ್ನು ಮರೆಯುತ್ತಾರೆ. ದಿನಾ ನೆಲ ಒರೆಸುವ ಮನೆಗಳಲ್ಲಿ ಮರ ಮೊದಲು ಕೊಳೆಯುವುದು ಅಲ್ಲೇ. ಅಡ್ಡ ಕತ್ತರಿಸಿದ ತುದಿ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಆ ತುದಿಗಳನ್ನು ಬಣ್ಣದಲ್ಲಿ ನೆನೆಯುವಷ್ಟು ಹೊತ್ತು ಅದ್ದಿಟ್ಟು, ಒಣಗಿದ ಮೇಲೆ ಗಟ್ಟಿ ರಬ್ಬರಿನ ಬುಷ್ ಕೊಡಿ.

ತಪ್ಪು ಕಲ್ಪನೆ: ಕಬ್ಬಿಣದ ಸ್ಟ್ಯಾಂಡೇ ಯಾವತ್ತೂ ಸುರಕ್ಷಿತ.

ವಾಸ್ತವ: ಕಬ್ಬಿಣ ಚೆನ್ನಾಗಿಯೇ ಇದೆ, ಬೈಯುವಂಥದ್ದೇನಿಲ್ಲ. ಆದರೆ ವೆಲ್ಡಿಂಗಿನ ಕಾವಿಗೆ ಆಂಗಲ್‌ಗಳು ತುಸು ಎಳೆದುಕೊಂಡು ಮೇಲಿನ ಚೌಕ ಸಮತಟ್ಟಾಗಿ ಉಳಿಯದಿರಬಹುದು. ಕರಾವಳಿಯ ಗಾಳಿಗೆ ತುಕ್ಕಿನ ಕಾಟವೂ ಇದೆ. ಮರದ ಉಬ್ಬನ್ನು ಕೀಸಿ ತೆಗೆಯಬಹುದು, ಆಂಗಲ್ಲಿನ ತಿರುಚು ತೆಗೆಯಲು ಮತ್ತೆ ವರ್ಕ್‌ಶಾಪಿಗೇ ಹೋಗಬೇಕು.

ತಪ್ಪು ಕಲ್ಪನೆ: ಮಹಡಿ ಮನೆಯಲ್ಲಿ ದೊಡ್ಡ ತೊಟ್ಟಿ ಇಡಲೇಬಾರದು.

ವಾಸ್ತವ: ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಹೊರುವಂತೆ ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ನಮ್ಮ ತೊಟ್ಟಿ ಕುಳಿತಷ್ಟು ಜಾಗದಲ್ಲಿ ಭಾರ ಚದರ ಮೀಟರಿಗೆ 800 ಕಿಲೋ ಆಗುತ್ತದೆ. ಗಾಬರಿಯಾಗುವಂತಿದೆ, ನಿಜ. ಆದರೆ ಹತ್ತು-ಹನ್ನೆರಡು ಅಡಿಯ ಕೋಣೆಯ ನೆಲ ಒಟ್ಟಾರೆ 2,200 ಕಿಲೋಗೆ ಲೆಕ್ಕ ಹಾಕಿದ್ದು. ಸರಿಯಾಗಿ ಕಟ್ಟಿದ ಕಾಂಕ್ರೀಟು ಮನೆಯಲ್ಲಿ, ಬೀಮಿನ ಮೇಲೆ ನಿಂತ ಗೋಡೆಗೆ ಒತ್ತಿದಂತೆ ಇಟ್ಟ ನಾಲ್ಕು ಅಡಿಯ ತೊಟ್ಟಿ ಸಾಮಾನ್ಯವಾಗಿ ತೊಂದರೆ ಕೊಡದು. ಕೋಣೆಯ ನಡುವೆ, ಹೊರಚಾಚಿದ ಬಾಲ್ಕನಿಯಲ್ಲಿ ಬೇಡ. ಮರದ ತೊಲೆಗಳ ಮೇಲೆ ನಿಂತ ಹಳೆಯ ಉಪ್ಪರಿಗೆಯಾದರೆ, ಅಥವಾ ಆರು ಅಡಿಯ ತೊಟ್ಟಿಯಾದರೆ, ಎಂಜಿನಿಯರರೊಬ್ಬರನ್ನು ಕರೆದು ತೋರಿಸಿ. ಆ ಫೀಸು ತೊಟ್ಟಿಯ ಬೆಲೆಯ ಮುಂದೆ ದೊಡ್ಡದಲ್ಲ.

ತಪ್ಪು ಕಲ್ಪನೆ: ವಾಲಿದ್ದರೆ ತೊಟ್ಟಿಯ ಕೆಳಗೆ ರಟ್ಟು ತುರುಕಿದರಾಯಿತು.

ವಾಸ್ತವ: ತೊಳೆದ ನೀರು ಹರಿದುಹೋಗಲೆಂದು ಹಳೆಯ ಮನೆಗಳ ನೆಲಕ್ಕೆ ಬಚ್ಚಲ ಕಡೆಗೋ ಬಾಗಿಲ ಕಡೆಗೋ ಇಳಿಜಾರು ಕೊಟ್ಟಿರುತ್ತಾರೆ. ವಾಲುವುದು ಸಹಜ. ಸರಿಪಡಿಸಬೇಕಾದದ್ದು ಸ್ಟ್ಯಾಂಡಿನ ಕಾಲಿನ ಕೆಳಗೆ, ನೆಲ ಮತ್ತು ಮರದ ನಡುವೆ. ತೊಟ್ಟಿಯ ಅಡಿಗೆ ರಟ್ಟು ಹೋದರೆ ಗಾಜಿನ ಒಂದೇ ಬಿಂದುವಿಗೆ ಭಾರ ಬೀಳುತ್ತದೆ. ಖಾಲಿ ಸ್ಟ್ಯಾಂಡಿನ ಮೇಲೆ ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಇಟ್ಟು ನೋಡಿ. ತಿರುಚು ಗೊತ್ತಾಗುವುದು ಕರ್ಣದಲ್ಲೇ.

ಆಮೇಲೆ ತೊಟ್ಟಿ ಇಟ್ಟು ಕಾಲುಭಾಗ ನೀರು ತುಂಬಿ, ಮೇಲಂಚಿನಿಂದ ನೀರಿನವರೆಗಿನ ಅಂತರವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಎರಡು-ಮೂರು ಮಿಲಿಮೀಟರ್ ವ್ಯತ್ಯಾಸವಿದ್ದರೆ ಬಿಡಿ. ಹೆಚ್ಚಿದ್ದರೆ ನೀರನ್ನು ಪೂರ್ತಿ ತೆಗೆದು, ತೊಟ್ಟಿ ಇಳಿಸಿ, ಕಾಲಿಗೆ ಬಿಲ್ಲೆ ಕೊಡಿ. ನೀರಿರುವಾಗ ತೊಟ್ಟಿಯನ್ನಾಗಲಿ ಸ್ಟ್ಯಾಂಡನ್ನಾಗಲಿ ಎತ್ತಲು, ಜರುಗಿಸಲು ಹೋಗಬೇಡಿ. ಸರಿಯಿದ್ದರೆ ಅರ್ಧ, ಮುಕ್ಕಾಲು, ಪೂರ್ತಿ ಎಂದು ತುಂಬಿಸುತ್ತಾ ಪ್ರತಿ ಸಲವೂ ಅಳೆಯಿರಿ. ತುಂಬಿದ ಮೇಲೆ ಒಂದು ವಾರ ಬಿಟ್ಟು ಮತ್ತೊಮ್ಮೆ ಅಳೆದು, ಬೆನ್ನಿನ ಹಾಳೆಯ ಅಂಚು, ಮೂಲೆಗಳ ಜೋಡಣೆ ನೋಡಿ. ಮೀನು ತರಲು ಅವಸರವೇನೂ ಇಲ್ಲ. ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ಹೇಗೂ ನಾಲ್ಕಾರು ವಾರ ಬೇಕು.