ನೆಲ, ನೆರವು, ನಿರ್ಣಯ: ಬೆಂಗಳೂರು ಉತ್ತರದಲ್ಲಿ ಕಲೆಗೆ ದೊರೆತ ಸರ್ಕಾರದ ಆಶ್ರಯ

ಕಲೆಗೆ ಆಶ್ರಯ ನೀಡುವುದು ಪ್ರಭುತ್ವದ ಕರ್ತವ್ಯಗಳಲ್ಲೊಂದು ಎಂಬ ಭಾವನೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಯಲಹಂಕ ನಾಡಪ್ರಭುಗಳಲ್ಲಿ ಪ್ರಸಿದ್ಧರಾದ ಹಿರಿಯ ಕೆಂಪೇಗೌಡರ ಹೆಸರಿನಲ್ಲಿ ‘ಗಂಗಾಗೌರೀವಿಲಾಸ’ ಎಂಬ ತೆಲುಗು ಯಕ್ಷಗಾನ ಕೃತಿಯೊಂದು ಉಲ್ಲೇಖಗೊಳ್ಳುತ್ತದೆ. ಕೋಟೆ ಕಟ್ಟಿಸಿದ, ಕೆರೆ ತೋಡಿಸಿದ ಪಾಳೆಯಗಾರನನ್ನೇ ಕೃತಿಕಾರನೆಂದೂ ಪರಂಪರೆ ನೆನೆಯುತ್ತದೆಂಬುದು ಗಮನಾರ್ಹ. ಆದರೆ ಅರಸೊತ್ತಿಗೆಯ ಕಾಲದ ಆಶ್ರಯವು ಅರಸನ ಅಭಿರುಚಿಯನ್ನು ನೆಚ್ಚಿಕೊಂಡಿತ್ತು. ಪ್ರಜಾಪ್ರಭುತ್ವದಲ್ಲಿ ಬೊಕ್ಕಸದ ಹಣ ಪ್ರಜೆಗಳದು. ಆದ್ದರಿಂದ ಯಾವ ಕಲೆಗೆ, ಯಾವ ರೂಪದಲ್ಲಿ, ಯಾರ ತೀರ್ಮಾನದ ಮೇರೆಗೆ ನೆರವು ಸಲ್ಲಬೇಕು ಎಂಬ ಪ್ರಶ್ನೆಗಳಿಗೆ ಸರ್ಕಾರವು ಉತ್ತರ ಹೇಳಬೇಕಾಗುತ್ತದೆ. ಯಶವಂತಪುರದಿಂದ ಯಲಹಂಕ, ಹೆಸರಘಟ್ಟಗಳವರೆಗಿನ ಬೆಂಗಳೂರಿನ ಉತ್ತರ ಭಾಗವು ಈ ಪ್ರಶ್ನೆಗಳ ಪರಿಶೀಲನೆಗೆ ತಕ್ಕ ಕ್ಷೇತ್ರವಾಗಿದೆ.

ಆಡಳಿತದ ಚೌಕಟ್ಟು

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯನ್ನೂ 1954ರಲ್ಲಿ ಸಾಹಿತ್ಯ ಹಾಗೂ ಲಲಿತಕಲಾ ಅಕಾಡೆಮಿಗಳನ್ನೂ ಆರಂಭಿಸಿತು. ಅದೇ ಮಾದರಿಯಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ 1959ರಲ್ಲಿ ಸಂಗೀತ ನಾಟಕ, 1961ರಲ್ಲಿ ಸಾಹಿತ್ಯ, 1964ರಲ್ಲಿ ಲಲಿತಕಲಾ ಅಕಾಡೆಮಿಗಳು ಹುಟ್ಟಿಕೊಂಡವು. 1977ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಪ್ರತ್ಯೇಕವಾಗಿ ರೂಪುಗೊಂಡ ಮೇಲೆ ಅಕಾಡೆಮಿಗಳನ್ನು ಸ್ವಾಯತ್ತ ಸಂಸ್ಥೆಗಳಾಗಿ ಪುನರ್ರಚಿಸಲಾಯಿತು. ಮುಂದೆ ಜಾನಪದ, ಯಕ್ಷಗಾನ, ಶಿಲ್ಪಕಲೆಗಳಿಗೂ ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳಿಗೂ ಅಕಾಡೆಮಿಗಳು ಬಂದವು. ಚಲನಚಿತ್ರ ಅಕಾಡೆಮಿ ಸ್ಥಾಪನೆಯಾದದ್ದು 2009ರಲ್ಲಿ. ಅದರ ನೆಲೆ ಯಶವಂತಪುರಕ್ಕೆ ಸಮೀಪದ ನಂದಿನಿ ಬಡಾವಣೆ.

ಈ ವ್ಯವಸ್ಥೆಯಲ್ಲಿ ಇಲಾಖೆಯ ಕೆಲಸ ಬೇರೆ, ಅಕಾಡೆಮಿಯ ಕೆಲಸ ಬೇರೆ. ಸಂಘಸಂಸ್ಥೆಗಳಿಗೆ ಧನಸಹಾಯ, ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ, ಉತ್ಸವಗಳ ಪ್ರಾಯೋಜನೆ, ರಂಗಮಂದಿರಗಳ ನಿರ್ಮಾಣ ಮೊದಲಾದವು ಇಲಾಖೆಯ ಹೊಣೆ. ಪ್ರಶಸ್ತಿ, ಪ್ರಕಟಣೆ, ಕಮ್ಮಟ, ವಿಚಾರಸಂಕಿರಣ, ದಾಖಲೀಕರಣಗಳು ಅಕಾಡೆಮಿಗಳ ಹೊಣೆ. ಎರಡಕ್ಕೂ ಹಣ ಬರುವುದು ರಾಜ್ಯದ ಆಯವ್ಯಯದಿಂದಲೇ.

ಯಶವಂತಪುರದ ಸ್ಟುಡಿಯೊ ಮತ್ತು ಚಿತ್ರ ಸಹಾಯಧನ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತಾದರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಅಲ್ಲಿಂದ ಮುಂದೆ ಕೆಲವು ದಶಕಗಳ ಕಾಲ ಕನ್ನಡ ಚಿತ್ರೋದ್ಯಮವು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೊಗಳನ್ನು ಅವಲಂಬಿಸಿತ್ತು. ನಟರು, ತಂತ್ರಜ್ಞರು ಅಲ್ಲಿಯೇ ನೆಲೆಸಬೇಕಾಗಿತ್ತು. ಈ ಪರಾವಲಂಬನೆಯನ್ನು ನೀಗಲು ಸರ್ಕಾರವು ಎರಡು ಮಾರ್ಗಗಳನ್ನು ಹಿಡಿಯಿತು. ಒಂದು, ಸ್ಟುಡಿಯೊ. ಮತ್ತೊಂದು, ಸಹಾಯಧನ.

1966ರಲ್ಲಿ ಸ್ಥಾಪಿತವಾದ ಶ್ರೀ ಕಂಠೀರವ ಸ್ಟುಡಿಯೋಸ್ ಯಶವಂತಪುರದಾಚೆ, ತುಮಕೂರು ರಸ್ತೆಗೆ ಹತ್ತಿರದಲ್ಲಿ ತಲೆಯೆತ್ತಿದ ಸರ್ಕಾರಿ ಕಂಪನಿ. ಅದೇ ಕಾಲಘಟ್ಟದಲ್ಲಿ, ರಾಜ್ಯದೊಳಗೆ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುವ ಕ್ರಮವೂ ಆರಂಭವಾಯಿತು. ಕಡಿಮೆ ವೆಚ್ಚದಲ್ಲಿ, ಹೊರಾಂಗಣದಲ್ಲಿ ಚಿತ್ರ ತೆಗೆಯುತ್ತಿದ್ದವರಿಗೆ ಸಣ್ಣ ಮೊತ್ತವೂ ದೊಡ್ಡ ಆಸರೆಯೇ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಚಿತ್ರಗಳು ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲ ಪಡೆದವು. ಆ ಅಲೆಯ ಶ್ರೇಯಸ್ಸು ಲೇಖಕರಿಗೂ ನಿರ್ದೇಶಕರಿಗೂ ಸಲ್ಲಬೇಕು. ಆದರೆ ನಷ್ಟದ ಭಯವನ್ನು ತುಸು ತಗ್ಗಿಸಿದ ಸರ್ಕಾರದ ನೀತಿಯೂ ಅದಕ್ಕೆ ಹಿನ್ನೆಲೆಯಾಗಿತ್ತೆಂಬುದನ್ನು ಮರೆಯಲಾಗದು.

ಕಾಲಕ್ರಮದಲ್ಲಿ ಇದೇ ಯೋಜನೆ ಬೇರೊಂದು ಸಮಸ್ಯೆಯನ್ನು ಮುಂದಿಟ್ಟಿತು. ಚಿತ್ರಗಳ ಸಂಖ್ಯೆ ಏರಿದಂತೆ ಆಯ್ಕೆ ಸಮಿತಿ ಅನಿವಾರ್ಯವಾಯಿತು. 2010ರ ದಶಕದಲ್ಲಿ ವರ್ಷಕ್ಕೆ ಸಹಾಯಧನ ಪಡೆಯಬಹುದಾದ ಚಿತ್ರಗಳ ಮಿತಿಯನ್ನು 100ರಿಂದ 125ಕ್ಕೆ ಹೆಚ್ಚಿಸಲಾಯಿತು. ಎಲ್ಲರಿಗೂ ಹಂಚಿದರೆ ಹಣ ತೆಳುವಾಗುತ್ತದೆ. ಆಯ್ದು ಕೊಟ್ಟರೆ ಆಯ್ಕೆಯ ಮೇಲೆ ಅನುಮಾನ ಬರುತ್ತದೆ. ಸಹಾಯಧನಕ್ಕಾಗಿಯೇ ಚಿತ್ರ ತಯಾರಾಗುತ್ತದೆಂಬ ಆಕ್ಷೇಪವೂ ಇದೆ. ಇತ್ತ ಕಂಠೀರವ ಸ್ಟುಡಿಯೊ ಆವರಣವು ಜನಮನದಲ್ಲಿ ಮತ್ತೊಂದು ಅರ್ಥವನ್ನು ಪಡೆದಿದೆ. 2006ರಲ್ಲಿ ಡಾ. ರಾಜಕುಮಾರ್, 2018ರಲ್ಲಿ ಅಂಬರೀಷ್, 2021ರಲ್ಲಿ ಪುನೀತ್ ರಾಜಕುಮಾರ್ ಅವರ ಅಂತ್ಯಸಂಸ್ಕಾರ ಅಲ್ಲಿಯೇ ನಡೆಯಿತು. ಚಿತ್ರಗಳನ್ನು ತಯಾರಿಸಲು ಕಟ್ಟಿದ ತಾಣವು ಸ್ಮರಣೆಯ ತಾಣವೂ ಆಗಿ ಮಾರ್ಪಟ್ಟಿದೆ.

ಹೆಸರಘಟ್ಟದ ನೆಲ

ಶಿಕ್ಷಣದ ಮೂಲಕ ಸಂದ ನೆರವು ಸದ್ದಿಲ್ಲದೆ ಫಲ ಕೊಟ್ಟಿದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಛಾಯಾಗ್ರಹಣದ ತರಗತಿಗಳು ಆರಂಭವಾದವು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದ ಮೊದಲ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಅಲ್ಲಿ ಕಲಿತವರು. ಗೋವಿಂದ್ ನಿಹಲಾನಿಯವರೂ ಅಲ್ಲಿಯ ವಿದ್ಯಾರ್ಥಿ. ಆ ಪರಂಪರೆಯನ್ನು ಮುಂದುವರಿಸಿದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಹೆಸರಘಟ್ಟದಲ್ಲಿ ನೆಲೆಗೊಂಡಿದೆ.

ಅದೇ ಹೆಸರಘಟ್ಟದಲ್ಲಿ ಒಡಿಸ್ಸಿ ನೃತ್ಯಗಾರ್ತಿ ಪ್ರೋತಿಮಾ ಗೌರಿ ಬೇಡಿಯವರು ಗುರುಕುಲ ಪದ್ಧತಿಯ ‘ನೃತ್ಯಗ್ರಾಮ’ವನ್ನು ಕಟ್ಟಿದರು. ಅದಕ್ಕೆ ರಾಜ್ಯ ಸರ್ಕಾರವು ಹತ್ತು ಎಕರೆ ಭೂಮಿಯನ್ನು ಗುತ್ತಿಗೆಗೆ ನೀಡಿತು. 1990ರ ಮೇ ತಿಂಗಳಲ್ಲಿ ಪ್ರಧಾನಿ ವಿ. ಪಿ. ಸಿಂಗ್ ಅವರು ಅದನ್ನು ಉದ್ಘಾಟಿಸಿದರು. 1998ರಲ್ಲಿ ಸ್ಥಾಪಕಿ ಹಿಮಾಲಯದ ಭೂಕುಸಿತದಲ್ಲಿ ತೀರಿಕೊಂಡರು. ಆದರೂ ಶಿಷ್ಯೆಯರು ಸಂಸ್ಥೆಯನ್ನು ನಡೆಸಿಕೊಂಡು ಬಂದರು. ಅದರ ನೃತ್ಯತಂಡ ದೇಶವಿದೇಶಗಳಲ್ಲಿ ಹೆಸರು ಗಳಿಸಿತು. ಈ ನಿದರ್ಶನದಲ್ಲಿ ಸರ್ಕಾರವು ಏನನ್ನು ಕಲಿಸಬೇಕು, ಯಾರು ಕುಣಿಯಬೇಕು ಎಂಬುದರಲ್ಲಿ ಕೈಹಾಕಲಿಲ್ಲ. ನೆಲವೊಂದನ್ನು ಒದಗಿಸಿ ದೂರ ನಿಂತಿತು. ನಗದು ಆಯಾ ವರ್ಷಕ್ಕೆ ಕರಗುತ್ತದೆ. ನೆಲವಾದರೋ ತಲೆಮಾರಿನವರೆಗೆ ಉಳಿಯುತ್ತದೆ.

ಆದರೆ ನೆಲದ ದಾನಕ್ಕೂ ಮಿತಿಯುಂಟು. ಹೆಸರಘಟ್ಟದ ವಿಶಾಲ ಹುಲ್ಲುಗಾವಲಿನಲ್ಲಿ ಚಿತ್ರನಗರಿ ನಿರ್ಮಿಸುವ ಪ್ರಸ್ತಾಪ ಹಲವು ಬಾರಿ ಕೇಳಿಬಂದಿತು. 2020ರಲ್ಲಿ ಅದು ಮರಳಿ ಚರ್ಚೆಗೆ ಬಂದಾಗ ಪರಿಸರಾಸಕ್ತರು ಬಲವಾಗಿ ವಿರೋಧಿಸಿದರು. ಹಕ್ಕಿಗಳ ನೆಲೆಯೂ ಜಲಾನಯನ ಪ್ರದೇಶವೂ ಆದ ಹುಲ್ಲುಗಾವಲು ಖಾಲಿ ಜಾಗವಲ್ಲವೆಂಬುದು ಅವರ ವಾದವಾಗಿತ್ತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಐದು ಸಾವಿರ ಎಕರೆಗೂ ಮಿಕ್ಕ ಪ್ರದೇಶವನ್ನು ಸಂರಕ್ಷಣಾ ಮೀಸಲಾಗಿಸಲು ಒಪ್ಪಿಗೆ ನೀಡಿತು. ಚಿತ್ರನಗರಿಯ ಯೋಜನೆ ಮೈಸೂರಿನತ್ತ ತಿರುಗಿತು. ಒಂದೇ ಊರಿನಲ್ಲಿ ಹತ್ತು ಎಕರೆ ಫಲಿಸಿ, ನೂರಾರು ಎಕರೆಯ ಕನಸು ಕೈಗೂಡದೆ ಹೋದದ್ದು ಸಾಂಸ್ಕೃತಿಕ ನೀತಿ ರೂಪಿಸುವವರಿಗೆ ಪಾಠವಾಗಬಲ್ಲದು.

ಹಳ್ಳಿಯ ರಂಗಭೂಮಿಯೂ ಅರ್ಜಿ ನಮೂನೆಯೂ

ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹವ್ಯಾಸ ಗಾಢವಾಗಿ ಬೇರೂರಿದೆ. ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಸೀನರಿ, ವೇಷಭೂಷಣಗಳು ಬಾಡಿಗೆಗೆ ಬರುತ್ತವೆ. ‘ಕುರುಕ್ಷೇತ್ರ’ದಂತಹ ನಾಟಕದಲ್ಲಿ ಪಾತ್ರಧಾರಿಗಳೇ ತಮ್ಮ ಪಾತ್ರಕ್ಕೆ ತಕ್ಕಷ್ಟು ಹಣ ಹಾಕುವುದು ವಾಡಿಕೆ, ದುರ್ಯೋಧನ, ಕೃಷ್ಣರಂತಹ ಪಾತ್ರಗಳಿಗೆ ಹೆಚ್ಚು. ಸರ್ಕಾರದ ಅನುದಾನವನ್ನು ಕಾಯದೆ ಉಳಿದುಬಂದಿರುವ ಕಲೆಯಿದು.

ಇಂತಹ ತಂಡ ಇಲಾಖೆಯ ಧನಸಹಾಯವನ್ನು ಬಯಸಿದಾಗ ತೊಡಕು ಎದುರಾಗುತ್ತದೆ. ಯೋಜನೆಯು ನೋಂದಾಯಿತ ಸಂಸ್ಥೆಯನ್ನು, ಲೆಕ್ಕಪರಿಶೋಧನಾ ವರದಿಯನ್ನು, ಚಟುವಟಿಕೆಗಳ ದಾಖಲೆಯನ್ನು ಕೇಳುತ್ತದೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೆಂಬುದು ನ್ಯಾಯವೇ. ಆದರೆ ಕಾಗದಪತ್ರ ಸಿದ್ಧಪಡಿಸುವ ಜಾಣ್ಮೆಯೂ ಕಲೆಯ ಯೋಗ್ಯತೆಯೂ ಒಂದೇ ಅಲ್ಲ. ತಮಟೆಯ ಕಲಾವಿದ, ಪಟ ಕುಣಿತದವನು, ತತ್ವಪದಕಾರ ಇವರಿಗೆ ಸಂಘವಿರುವುದಿಲ್ಲ, ಮೇಳವಿರುತ್ತದೆ. ನಗರ ಬೆಳೆದು ಹಳ್ಳಿಗಳು ಬಡಾವಣೆಗಳಾದಂತೆ ಆ ಮೇಳವೂ ಚದುರುತ್ತದೆ. ಮಾಸಾಶನವು ಇಂಥವರಿಗೆ ನೇರವಾಗಿ ಸಲ್ಲುವ ಬೆಲೆಯುಳ್ಳ ನೆರವು. ಆದರೆ ಅದು ವೃದ್ಧಾಪ್ಯಕ್ಕೆ ಆಸರೆಯೇ ಹೊರತು ಕಲೆಯ ಮುಂದುವರಿಕೆಗಲ್ಲ. ಕಲಿಸುವ ಹಿರಿಯನಿಗೂ ಕಲಿಯುವ ಕಿರಿಯನಿಗೂ ಜೊತೆಯಾಗಿ ಸಲ್ಲುವ ಗುರುಶಿಷ್ಯ ಪರಂಪರೆಯ ತರಬೇತಿಗಳು ಈ ಕೊರತೆಯನ್ನು ತುಂಬಬಲ್ಲವು.

ನಿರ್ಣಯದ ಹಕ್ಕು

1946ರಲ್ಲಿ ಬ್ರಿಟನ್ನಿನಲ್ಲಿ ಕಲಾ ಮಂಡಳಿ ರಚನೆಯಾದಾಗ, ಹಣವನ್ನು ಸರ್ಕಾರ ಕೊಡಬೇಕು, ಆಯ್ಕೆಯನ್ನು ಕಲೆ ಬಲ್ಲವರು ಮಾಡಬೇಕು ಎಂಬುದು ಅದರ ತತ್ತ್ವವಾಗಿತ್ತು. ಕರ್ನಾಟಕದ ಅಕಾಡೆಮಿಗಳ ಸ್ವಾಯತ್ತತೆಯ ಆಶಯವೂ ಇದೇ. ಆದರೆ ಅಧ್ಯಕ್ಷರನ್ನೂ ಸದಸ್ಯರನ್ನೂ ನಾಮಕರಣ ಮಾಡುವುದು ಸರ್ಕಾರವೇ ಆದ್ದರಿಂದ, ಸರ್ಕಾರ ಬದಲಾದಾಗ ಅವಧಿ ಮುಗಿಯುವ ಮುನ್ನವೇ ನೇಮಕಗಳು ರದ್ದಾಗುವ ರೂಢಿ ಬೆಳೆದಿದೆ. 2019ರಲ್ಲಿಯೂ 2023ರಲ್ಲಿಯೂ ಹೀಗಾಯಿತು. ಎರಡನೆಯ ಸಂದರ್ಭದಲ್ಲಿ ಹೊಸ ನೇಮಕಗಳು ನಡೆದದ್ದು 2024ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ದೈನಂದಿನ ಆಡಳಿತವನ್ನು ಅಧಿಕಾರಿಗಳು ನಡೆಸಬಲ್ಲರು. ಪ್ರಶಸ್ತಿಯ ಆಯ್ಕೆ, ಪ್ರಕಟಣೆಯ ಯೋಜನೆ, ಕಮ್ಮಟಗಳ ರೂಪುರೇಷೆ ಅವರಿಂದಾಗುವ ಕೆಲಸವಲ್ಲ. ಹಣ ಮಂಜೂರಾಗಿದ್ದೂ ನಿರ್ಣಯಿಸುವವರಿಲ್ಲದಿದ್ದರೆ ಕಲಾವಿದನ ಪಾಲಿಗೆ ಆ ವರ್ಷ ಬರಡು.

ಒಟ್ಟಿನಲ್ಲಿ, ಬೆಂಗಳೂರು ಉತ್ತರದ ನಿದರ್ಶನಗಳು ಒಂದು ಅಂಶವನ್ನು ಸ್ಪಷ್ಟಪಡಿಸುತ್ತವೆ. ಸರ್ಕಾರದ ನೆರವು ಫಲಿಸಿರುವುದು ಮೊತ್ತ ದೊಡ್ಡದಾಗಿದ್ದಲ್ಲಿ ಮಾತ್ರವಲ್ಲ, ಅದು ದೀರ್ಘಕಾಲ ಬಾಳಿದಲ್ಲಿ ಮತ್ತು ಕಲೆಯ ಒಳಗಿನ ನಿರ್ಣಯವನ್ನು ಕಲಾವಿದರಿಗೇ ಬಿಟ್ಟಲ್ಲಿ. ಪಾಲಿಟೆಕ್ನಿಕ್‌ನ ತರಗತಿ, ನೃತ್ಯಗ್ರಾಮದ ಹತ್ತು ಎಕರೆ, ಆರಂಭಕಾಲದ ಚಿತ್ರ ಸಹಾಯಧನ ಇವು ಮೂರೂ ಇದಕ್ಕೆ ಸಾಕ್ಷಿ. ಅಕಾಡೆಮಿಗಳ ಸದಸ್ಯರಿಗೆ ನಿಶ್ಚಿತ ಅವಧಿಯ ಭದ್ರತೆ, ಧನಸಹಾಯದಲ್ಲಿ ನೋಂದಣಿಯಿಲ್ಲದ ಮೇಳಗಳಿಗೂ ಒಂದು ಬಾಗಿಲು, ಆಯ್ಕೆಯ ಕಾರಣಗಳನ್ನು ಪ್ರಕಟಿಸುವ ಪದ್ಧತಿ ಇವು ಹೆಚ್ಚಿನ ವೆಚ್ಚವನ್ನು ಬೇಡುವ ಸುಧಾರಣೆಗಳಲ್ಲ. ಅರಸರ ಆಶ್ರಯ ಅರಸನೊಂದಿಗೆ ಮುಗಿಯುತ್ತಿತ್ತು. ಪ್ರಜೆಗಳ ಸರ್ಕಾರ ನೀಡುವ ಆಶ್ರಯವು ಮುಂದಿನ ಚುನಾವಣೆಯನ್ನು ದಾಟಿ ಉಳಿಯುವಂತಿರಬೇಕು.