ಒಂದು ಟನ್ ಕಬ್ಬು, ಮೂರು ಚರ್ಚೆ

ಪ್ರೌಢಶಾಲೆ, ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಕೆಲವು ವಿಷಯಗಳು ವರ್ಷ ವರ್ಷವೂ ಮರಳಿ ಬರುತ್ತವೆ. ‘ಹೆಚ್ಚು ಗಳಿಸುವವರಿಗೆ ಹೆಚ್ಚು ತೆರಿಗೆ ಹಾಕಬೇಕೇ?’, ‘ಕನಿಷ್ಠ ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆಯೇ?’, ‘ದೊಡ್ಡ ಕಂಪೆನಿಗಳ ಏಕಸ್ವಾಮ್ಯಕ್ಕೆ ಕಡಿವಾಣ ಬೇಕೇ?’ ಇವು ಅಂಥವು. ಪರವಾಗಿ ಮಾತಾಡುವ ಹುಡುಗಿ ಅಮೆರಿಕದ ಕುಬೇರರ ಹೆಸರು ಹೇಳುತ್ತಾಳೆ. ವಿರೋಧವಾಗಿ ನಿಂತ ಹುಡುಗ, ಅತಿಯಾದ ತೆರಿಗೆ ಉದ್ಯಮವನ್ನು ಕೊಲ್ಲುತ್ತದೆ ಎನ್ನುತ್ತಾನೆ. ಗಂಟೆ ಬಾರಿಸುತ್ತದೆ, ಚಪ್ಪಾಳೆ ಬೀಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಾದರೆ ಅದೇ ಹೊತ್ತಿಗೆ ಹೊರಗಿನ ರಸ್ತೆಯಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಆ ಮೂರೂ ವಿಷಯಗಳು ಅದರ ಮೇಲೆಯೇ ಸವಾರಿ ಮಾಡುತ್ತಿರುತ್ತವೆ. ಆದರೆ ಭಾಷಣದಲ್ಲಿ ಕಬ್ಬಿನ ಹೆಸರು ಬರುವುದು ಅಪರೂಪ.

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ಕುಳಿತರು. ಕಟಾವು, ಸಾಗಾಣಿಕೆ ಬಿಟ್ಟು ಟನ್ನಿಗೆ 3,500 ರೂಪಾಯಿ ಕೊಡಿ ಎಂಬುದು ಬೇಡಿಕೆ. ಹೋರಾಟ ಸುತ್ತಲಿನ ತಾಲೂಕುಗಳಿಗೆ ಹಬ್ಬಿತು. ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಬಳಿ ಕಲ್ಲು ತೂರಾಟವೂ ಆಯಿತು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತರನ್ನೂ ಕಾರ್ಖಾನೆಯವರನ್ನೂ ಕರೆಸಿ ಮಾತಾಡಿದರು. ಶೇ 11.25 ಇಳುವರಿಯ ಕಬ್ಬಿಗೆ 3,300 ರೂ. ಎಂದು ತೀರ್ಮಾನವಾಯಿತು. ಅದರಲ್ಲಿ 50 ರೂ. ಸರ್ಕಾರದ್ದು.

ದರಕ್ಕಾಗಿ ರಸ್ತೆಗೆ ಇಳಿಯಬೇಕಾಗಿ ಬಂದದ್ದಾದರೂ ಏಕೆ? ಜೋಳ ಬೆಳೆದವನು ಈ ಸಂತೆಯಲ್ಲಿ ಧಾರಣೆ ಬಿದ್ದರೆ ಮುಂದಿನ ಸಂತೆಗೆ ಕಾಯಬಹುದು. ಕಬ್ಬಿನವನು ಕಾಯಲಾರ. ಕಾರಣ ರಸಾಯನಶಾಸ್ತ್ರದಲ್ಲಿದೆ. ಕಡಿದ ಕ್ಷಣದಿಂದ ಕಬ್ಬು ನೀರು ಬಿಟ್ಟುಕೊಡುತ್ತಾ ತೂಕ ಕಳೆದುಕೊಳ್ಳುತ್ತದೆ. ಒಳಗಿರುವ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯತೊಡಗುತ್ತದೆ. ಕಡಿದ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳದ್ದು ಬೇರೆಯೇ ಕಾಟ. ಒಡೆದ ಸಕ್ಕರೆ ನಾಲಿಗೆಗೆ ಸಿಹಿಯೇ, ಆದರೆ ಕಾರ್ಖಾನೆಯ ಬಾಣಲೆಯಲ್ಲಿ ಹರಳುಗಟ್ಟುವುದಿಲ್ಲ. ಆದ್ದರಿಂದ ಕಡಿದ ಒಂದು ದಿನದೊಳಗೆ ನುರಿಸಿದರೆ ಉತ್ತಮ ಎನ್ನುತ್ತಾರೆ. ಕಡಿಯದೆ ಬಿಟ್ಟರೆ? ನೆಲದಲ್ಲಿ ನಿಂತ ಕಬ್ಬು ಹೂ ಬಿಟ್ಟು, ಒಳಗೆ ಬೆಂಡಾಗಿ, ತೂಕವೂ ಇಲ್ಲ ರಸವೂ ಇಲ್ಲ ಎಂಬಂತಾಗುತ್ತದೆ. ಹೀಗಾಗಿ ಬೆಳೆಗಾರನಿಗೆ ಮಾರುಕಟ್ಟೆ ಎಂದರೆ ಟ್ರ್ಯಾಕ್ಟರ್ ಒಂದು ದಿನದಲ್ಲಿ ತಲುಪಬಲ್ಲಷ್ಟು ದೂರ.

ಆ ದೂರದೊಳಗೆ ಎಷ್ಟು ಕಾರ್ಖಾನೆಗಳಿರಬೇಕು ಎಂಬುದನ್ನೂ ಕಾನೂನು ಹೇಳುತ್ತದೆ. ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2006ರಲ್ಲಿ ಆದ ತಿದ್ದುಪಡಿಯಂತೆ, ಹಳೆಯ ಕಾರ್ಖಾನೆಯಿಂದ 15 ಕಿ.ಮೀ. ಒಳಗೆ ಹೊಸದು ಏಳುವಂತಿಲ್ಲ. ಕಾರ್ಖಾನೆಗಳ ನಡುವೆ ಸರಿಯಾಗಿ 15 ಕಿ.ಮೀ. ಇದೆ ಎಂದಿಟ್ಟುಕೊಂಡರೆ ಒಂದೊಂದರ ಸುತ್ತ ಏಳೂವರೆ ಕಿ.ಮೀ. ತ್ರಿಜ್ಯದ ವೃತ್ತ ಬರುತ್ತದೆ. ಅದರ ಕ್ಷೇತ್ರಫಲ ಸುಮಾರು 177 ಚದರ ಕಿ.ಮೀ., ಅಂದರೆ 43 ಸಾವಿರ ಎಕರೆಗೂ ಮಿಕ್ಕಿ. ಆ ಎಕರೆಗಳ ಬೆಳೆಗಾರರಿಗೆಲ್ಲ ಅತಿ ಸಮೀಪದ ಗಿರಾಕಿ ಒಬ್ಬನೇ.

ಮಾರುವವನು ಒಬ್ಬನೇ ಇದ್ದರೆ ಏಕಸ್ವಾಮ್ಯ ಎಂದು ಪಠ್ಯಪುಸ್ತಕ ಕಲಿಸುತ್ತದೆ. ಕೊಳ್ಳುವವನು ಒಬ್ಬನೇ ಇರುವ ಸ್ಥಿತಿಗೂ ಒಂದು ಹೆಸರಿದೆ: ಮೊನೊಪ್ಸೊನಿ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರ ತಮ್ಮ ಪುಸ್ತಕದಲ್ಲಿ ಈ ಶಬ್ದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ‘ಒಂಟಿ ಗಿರಾಕಿ’ ಎಂದರೆ ಸಾಕು, ಗುರ್ಲಾಪುರದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಈ ಗಿರಾಕಿಯ ಕೈಯಲ್ಲಿ ತಕ್ಕಡಿಯೂ ಇದೆ, ಇಳುವರಿ ಅಳೆಯುವ ಪ್ರಯೋಗಾಲಯವೂ ಇದೆ. ತೂಕದ ಬಗ್ಗೆ ಬೆಳೆಗಾರರ ಗುಮಾನಿ ಇಂದು ನಿನ್ನೆಯದಲ್ಲ.

ಒಂಟಿ ಗಿರಾಕಿ ಬೆಲೆ ಅದುಮದಿರಲೆಂದೇ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನ್ಯಾಯಯುತ ಮತ್ತು ಲಾಭದಾಯಕ ದರ ಗೊತ್ತುಮಾಡುತ್ತದೆ. ಎಫ್‌ಆರ್‌ಪಿ ಎಂದರೆ ಇದೇ. 2025-26ಕ್ಕೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.46 ರೂ. ಹೆಚ್ಚು. ಶೇ 11.25 ಇಳುವರಿಗೆ ಲೆಕ್ಕ ಹಾಕಿದರೆ 355ಕ್ಕೆ 34.60 ಸೇರಿ 389.60, ಟನ್ನಿಗೆ 3,896 ರೂ. ಹಾಗಾದರೆ 3,500 ಕೇಳಿದ್ದೇಕೆ ಎಂದು ಪಟ್ಟಣದ ಓದುಗರಿಗೆ ಅನಿಸಬಹುದು. ಎಫ್‌ಆರ್‌ಪಿ ಕಾರ್ಖಾನೆಯ ಬಾಗಿಲಿನ ದರ. ಕಡಿದ ಕೂಲಿ, ತಂದ ಬಾಡಿಗೆ ಅದರಲ್ಲೇ ಕಳೆಯಬೇಕು. ಇದಕ್ಕೆ ಟನ್ನಿಗೆ 850 ರೂ. ಹೋಯಿತು ಎಂದುಕೊಂಡರೂ ಕೈಗೆ ಉಳಿಯುವುದು 3,046 ರೂ. ಅದರ ಮೇಲೆ ಎಷ್ಟು ಎಂಬುದೇ ಜಗಳ.

ಕಾರ್ಖಾನೆಯವರ ಮಾತನ್ನೂ ಕೇಳಬೇಕು. ಒಂದು ಟನ್ ಕಬ್ಬಿನಲ್ಲಿ ಶೇ 11.25ರಂತೆ 112.5 ಕಿಲೋ ಸಕ್ಕರೆ. ಸಕ್ಕರೆಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂ. ಆಯಿತು, 2025ರ ಹೋರಾಟದ ದಿನಗಳಲ್ಲೂ ಅಷ್ಟೇ ಇತ್ತು. ಆ ಲೆಕ್ಕದಲ್ಲಿ 3,487 ರೂ. 50 ಪೈಸೆ ಮಾತ್ರ. ಅದೇ ಅವಧಿಯಲ್ಲಿ ಕಬ್ಬಿನ ಎಫ್‌ಆರ್‌ಪಿ 275ರಿಂದ 355ಕ್ಕೆ ಏರಿತ್ತು. ನಿಜ, ಮಾರುಕಟ್ಟೆಯಲ್ಲಿ ಸಕ್ಕರೆ 31ಕ್ಕಿಂತ ಹೆಚ್ಚಿಗೇ ಮಾರುತ್ತದೆ. ಕಾಕಂಬಿಯಿಂದ ಎಥೆನಾಲ್, ಸಿಪ್ಪೆಯಿಂದ ವಿದ್ಯುತ್ ಬೇರೆ ಬರುತ್ತದೆ. ಆ ಉಪ ಉತ್ಪನ್ನಗಳ ಆದಾಯದಲ್ಲಿ ಪಾಲೆಷ್ಟು ಎಂದು ಬೆಳೆಗಾರ ಕೇಳಿದರೆ ಅದು ಅತಿಯಾಸೆ ಎನಿಸದು. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ಬೆಳೆಗಾರನಿಗೆ ಹೋಗಲಿ ಎಂದು ಸಿ. ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ಕಾರ್ಖಾನೆಗಳ ನಡುವಿನ ಅಂತರದ ನಿಯಮವನ್ನೂ ತೆಗೆಯಿರಿ ಎಂದಿತ್ತು. ಈ ಎರಡನೆಯ ಸಲಹೆ ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದಂತಿದೆ. ಕಾರ್ಖಾನೆಗಳು ಹತ್ತಿರ ಹತ್ತಿರ ಬಂದರೆ ಕಬ್ಬಿಗೆ ಪೈಪೋಟಿ ಏರುತ್ತದೆ ಎಂಬುದು ಒಂದು ವಾದ. ಸಾಕಷ್ಟು ಕಬ್ಬು ಸಿಗದೆ ಎರಡೂ ಮುಚ್ಚಿದರೆ ಬಾಕಿ ಕೊಡುವವರಾರು ಎಂಬುದು ಇನ್ನೊಂದು.

ದೊಡ್ಡವರ ಕೂಟ ಮುರಿಯುವ ಕಾನೂನಿಗೂ ಸಕ್ಕರೆಗೂ ಹಳೆಯ ನಂಟಿದೆ. ಅಮೆರಿಕ 1890ರಲ್ಲಿ ಷರ್ಮನ್ ಕಾಯ್ದೆ ತಂದ ಮೇಲೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂದ ಮೊದಲ ದೊಡ್ಡ ಮೊಕದ್ದಮೆ ಎಣ್ಣೆ ಕಂಪೆನಿಯದಲ್ಲ, ಸಕ್ಕರೆಯದು. ದೇಶದ ಸಕ್ಕರೆ ಶುದ್ಧೀಕರಣದ ಶೇ 98ರಷ್ಟು ಒಂದೇ ಕಂಪೆನಿಯ ಕೈಯಲ್ಲಿತ್ತು. ತಯಾರಿಕೆ ವಾಣಿಜ್ಯವಲ್ಲ ಎಂಬ ವಿಚಿತ್ರ ತರ್ಕದಿಂದ 1895ರಲ್ಲಿ ಕೋರ್ಟು ಕಂಪೆನಿಯ ಪರ ನಿಂತಿತು. ಭಾರತದಲ್ಲಿ 1969ರ ಎಂಆರ್‌ಟಿಪಿ ಕಾಯ್ದೆ ಕಂಪೆನಿ ಬೆಳೆಯುವುದನ್ನೇ ಅನುಮಾನದಿಂದ ನೋಡಿತು. ಅದನ್ನು ತೆಗೆದು ತಂದ 2002ರ ಸ್ಪರ್ಧಾ ಕಾಯ್ದೆ, ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡತನದ ದುರ್ಬಳಕೆ ತಪ್ಪು ಎನ್ನುತ್ತದೆ. ಸ್ಪರ್ಧಿಗಳು ಕೂಡಿಕೊಂಡು ಮಾರುವ ಬೆಲೆ ಕಟ್ಟುವುದಷ್ಟೇ ಅಲ್ಲ, ಕೊಳ್ಳುವ ಬೆಲೆ ಕಟ್ಟುವುದೂ ಅದರಂತೆ ತಪ್ಪು.

ಆದರೆ ಒಡೆಯಲಾಗದ ಏಕಸ್ವಾಮ್ಯವೂ ಉಂಟು. ಒಂದು ಹಳ್ಳಿಗೆ ಎರಡು ಕಂಪೆನಿಗಳು ಎರಡೆರಡು ಸಾಲು ವಿದ್ಯುತ್ ಕಂಬ ನೆಟ್ಟರೆ ಹುಚ್ಚುತನ. ಹುಕ್ಕೇರಿ ಇದಕ್ಕೆ ಕಂಡುಕೊಂಡ ಉತ್ತರ ಇಡೀ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದ ಅಪ್ಪಣಗೌಡ ಪಾಟೀಲರೇ ಇದಕ್ಕೂ ಮುಂದಾಳು. ಹೆಸ್ಕಾಂನಿಂದ ಸಗಟು ವಿದ್ಯುತ್ ಕೊಂಡು ಸಂಘವೇ ಮನೆ, ಪಂಪ್‌ಸೆಟ್ಟುಗಳಿಗೆ ಹಂಚುತ್ತದೆ. ಏಕಸ್ವಾಮ್ಯ ಹಾಗೆಯೇ ಇದೆ, ಒಡೆಯರು ಮಾತ್ರ ಗ್ರಾಹಕರೇ. ಇದು ಸುಲಭದ ದಾರಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆಯಲ್ಲಿ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳೇ ಎದುರುಬದುರಾದವು. ಸಾಮಾನ್ಯ ಸದಸ್ಯನ ಕೈಯಲ್ಲಿರುವುದು ಒಂದು ಓಟು. ಅದನ್ನು ಕೇಳಲು ಬರುವವರ ಕಾರುಗಳು ಮಾತ್ರ ಅನೇಕ.

ಒಂಟಿ ಗಿರಾಕಿಯ ಮಾತು ಕೂಲಿಗೂ ಸಲ್ಲುತ್ತದೆ. ದುಡಿಮೆಯನ್ನು ಕೊಳ್ಳುವವನೂ ಗಿರಾಕಿಯೇ ತಾನೆ? ಘಟಪ್ರಭೆ 170 ಅಡಿ ಧುಮುಕುವಲ್ಲಿ, ಆ ನೀರಿನ ಬಲವನ್ನೇ ನಂಬಿ 1880ರ ದಶಕದಲ್ಲಿ ಗೋಕಾಕ ಗಿರಣಿ ಎದ್ದಿತು. ಅದರ ಸುತ್ತಲೇ ಗೋಕಾಕ ಫಾಲ್ಸ್ ಎಂಬ ಊರು ಬೆಳೆಯಿತು. ಇಂಥ ಊರಿನಲ್ಲಿ ಕೆಲಸ ಬಿಟ್ಟವನು ಎದುರಿನ ಗಿರಣಿಗೆ ಹೋಗುವ ಮಾತಿಲ್ಲ. ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆ ಎಂಬ ಹಳೆಯ ನಿಯಮ, ಕೆಲಸಗಾರನಿಗೆ ಅನೇಕ ಧಣಿಗಳಿದ್ದಾರೆ ಎಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಧಣಿ ಒಬ್ಬನೇ ಆದಾಗ ಲೆಕ್ಕ ಬೇರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯ ಎರಡೂ ಕಡೆಯ ಉಪಾಹಾರ ಮಂದಿರಗಳನ್ನು ಹೋಲಿಸಿ ನೋಡಿದರೆ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಒಂದಕ್ಕೆ ಔಷಧ ಹಾಕಿ ಇನ್ನೊಂದಕ್ಕೆ ಹಾಕದೆ ನೋಡುವ ವಿಜ್ಞಾನದ ಪ್ರಯೋಗದಂತೆಯೇ ಇದು. ಅವರ ಅಂಕಿಅಂಶಗಳ ಬಗ್ಗೆ ತಕರಾರುಗಳೂ ಬಂದವು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಏರಿಕೆ ಮಿತಿಮೀರಿದರೆ ಏನು ಎಂಬ ಪ್ರಶ್ನೆಗೆ ಈ ಪ್ರಯೋಗ ಉತ್ತರಿಸುವುದಿಲ್ಲ ಎಂಬುದನ್ನೂ ವಿರೋಧ ಪಕ್ಷದವರು ಗುರುತಿಟ್ಟುಕೊಳ್ಳಬಹುದು.

ಇಲ್ಲಿ ಬೆಳೆಗಾರನೇ ಕಟಕಟೆಯ ಆಚೆ ಬದಿಗೆ ಹೋಗಿ ನಿಲ್ಲುತ್ತಾನೆ. ಅವನ ಕಬ್ಬು ಕಡಿಯುವ ಗ್ಯಾಂಗಿಗೆ ಕೂಲಿ ದಿನದ ಲೆಕ್ಕದಲ್ಲಿಲ್ಲ, ಟನ್ನಿನ ಲೆಕ್ಕದಲ್ಲಿ. ಗಂಡ ಹೆಂಡತಿ ಸೇರಿ ಒಂದು ಕುಡಗೋಲು. ಹಂಗಾಮಿಗೆ ಮೊದಲೇ ಮುಕಾದಮನಿಂದ ಮುಂಗಡ ಪಡೆದದ್ದು ತೀರುವ ತನಕ ಬಿಡುಗಡೆ ಇಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುವ ಇಂಥ ಸಂಸಾರಗಳು ಗಡಿಯ ಎರಡೂ ಕಡೆ ಕಡಿಯುತ್ತವೆ. ಅಲ್ಲಿ 2024ರ ಜನವರಿಯಲ್ಲಿ ಕಟಾವಿನ ದರ ಒಪ್ಪಂದದಿಂದ ಶೇ 34 ಏರಿತು. ಕನಿಷ್ಠ ಕೂಲಿಯ 1948ರ ಕಾಯ್ದೆ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಆ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, ಗುರ್ಲಾಪುರದ ತೀರ್ಮಾನವಾಗಿ ಎರಡು ವಾರಕ್ಕೆ. ತುಂಡು ಲೆಕ್ಕದ ಕೆಲಸಕ್ಕೂ ಕನಿಷ್ಠ ಕೂಲಿ ಇರಬೇಕೆಂದು ಕಾನೂನು ಹೇಳುತ್ತದೆ. ಕಟಾವಿನ ಕೂಲಿ ಏರಿದರೆ ಅದು ಬೆಳೆಗಾರನ 3,300ಕ್ಕೆ ಹೊರಗಿನದು ಎಂದು ಕಾಗದದಲ್ಲಿದೆ. ಮುಂದಿನ ವರ್ಷದ ಚೌಕಾಸಿಯಲ್ಲಿ ಹಾಗೆಯೇ ಉಳಿಯುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಗ್ಯಾಂಗಿನ ಗುಡಿಸಲುಗಳಲ್ಲಿ ಶಾಲೆಯ ವಯಸ್ಸಿನ ಮಕ್ಕಳೂ ಇರುತ್ತಾರೆ. ಹಂಗಾಮಿನ ಆರು ತಿಂಗಳು ಅವರ ಹಾಜರಿ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ತೆರಿಗೆಯ ಮಾತು ಉಳಿಯಿತು. 1973-74ರಲ್ಲಿ ಭಾರತದಲ್ಲಿ ವರ್ಷಕ್ಕೆ 2 ಲಕ್ಷ ದಾಟಿದ ಗಳಿಕೆಗೆ ಸರ್ಚಾರ್ಜ್ ಸೇರಿ ಶೇ 97.75 ಆದಾಯ ತೆರಿಗೆ ಇತ್ತು. ನೂರು ರೂಪಾಯಿಯಲ್ಲಿ ಕೈಗೆ ಎರಡೂಕಾಲು ರೂಪಾಯಿ! ಜನ ಗಳಿಕೆ ಬಚ್ಚಿಡುವುದನ್ನು ಕಲಿತರು. ದರವನ್ನು ಇಳಿಸುತ್ತಾ ಬರಲಾಯಿತು. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ತೆರಿಗೆ ಇಲ್ಲ. ಅತಿ ಹೆಚ್ಚು ಗಳಿಸುವವರಿಗೆ ಸರ್ಚಾರ್ಜ್, ಸೆಸ್ ಸೇರಿ ಶೇ 39. ಆದರೆ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಎರಡು ಎಕರೆಯವನಿಗೂ ಇಲ್ಲ, ಇನ್ನೂರು ಎಕರೆಯವನಿಗೂ ಇಲ್ಲ. ದೊಡ್ಡ ಹಿಡುವಳಿಗಳಿಗಾದರೂ ತೆರಿಗೆ ಹಾಕಿ ಎಂದು ಕೆ.ಎನ್. ರಾಜ್ ಸಮಿತಿ 1972ರಲ್ಲೇ ವರದಿ ಕೊಟ್ಟಿತ್ತು. ಅದನ್ನು ಮುಟ್ಟುವ ಧೈರ್ಯ ಯಾವ ಕೇಂದ್ರ ಸರ್ಕಾರಕ್ಕೂ ಬಂದಿಲ್ಲ. ‘ಹೆಚ್ಚು ಗಳಿಸುವವರಿಗೆ ಹೆಚ್ಚು ತೆರಿಗೆ’ ಎಂದು ವೇದಿಕೆಯಲ್ಲಿ ಗುಡುಗುವ ಹುಡುಗನ ಮನೆಯಲ್ಲಿ ಐವತ್ತು ಎಕರೆ ಕಬ್ಬಿದ್ದರೆ, ಎದುರಾಳಿ ಕೇಳಬಹುದಾದ ಪ್ರಶ್ನೆ ಸಿದ್ಧವಾಗಿಯೇ ಇದೆ.

ಇನ್ನೊಂದು ತಮಾಷೆ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಸದಸ್ಯರಿಗೆ ಕೇಂದ್ರದ ದರಕ್ಕಿಂತ ಹೆಚ್ಚು ಕೊಟ್ಟರೆ, ಅದು ಕಬ್ಬಿನ ಬೆಲೆಯಲ್ಲ, ಹಂಚಿದ ಲಾಭ, ತೆರಿಗೆ ಕಟ್ಟಿ ಎಂದು ಆದಾಯ ತೆರಿಗೆ ಇಲಾಖೆ ದಶಕಗಳ ಕಾಲ ಹೇಳುತ್ತಿತ್ತು. ಬೆಲೆಯೋ ಲಾಭವೋ ಎಂಬ ಈ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2016-17ಕ್ಕೆ ಹಿಂದಿನ ಅಂಥ ಪಾವತಿಗಳನ್ನು ಖರ್ಚೆಂದೇ ತೋರಿಸಲು 2023ರ ಕೇಂದ್ರ ಬಜೆಟ್ ಅವಕಾಶ ಕೊಟ್ಟಿತು. ಸಹಕಾರಿಗಳಿಗೆ ಸುಮಾರು 10 ಸಾವಿರ ಕೋಟಿ ರೂ. ಪರಿಹಾರ ಎಂದು ಅಂದಾಜಿಸಲಾಯಿತು.

ಮುಂದಿನ ಸ್ಪರ್ಧೆಗೆ ತಯಾರಾಗುವವರು ಮನೆಯಲ್ಲಿ ಕಬ್ಬಿನ ತೂಕದ ಚೀಟಿ ಕೇಳಿ ನೋಡಲಿ. ಟನ್ನು, ದರ, ಕಡಿತ, ಬಿಲ್ ಬಂದ ತಾರೀಕು ಅದರಿಂದ ತಿಳಿಯುತ್ತವೆ. ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡದಿದ್ದರೆ ಶೇ 15 ಬಡ್ಡಿ ಸೇರಿಸಿ ಕೊಡಬೇಕೆಂದು 1966ರ ಆದೇಶದಲ್ಲೇ ಇದೆ. ಚೀಟಿಯ ಎರಡು ತಾರೀಕುಗಳ ನಡುವಿನ ದಿನಗಳನ್ನು ಎಣಿಸಿ, ಬಡ್ಡಿ ಎಷ್ಟಾಗಬೇಕಿತ್ತೆಂದು ಏಳನೆಯ ತರಗತಿಯ ಹುಡುಗನೂ ಲೆಕ್ಕ ಹಾಕಬಲ್ಲ.