ಮುಷ್ಕರಕ್ಕೆ ಮುನ್ನ ಸದಸ್ಯರ ಮತದಾನ ಅಗತ್ಯವೇ?

ಮುಷ್ಕರ ಹೂಡುವ ಮೊದಲು ಕಾರ್ಮಿಕ ಸಂಘವು ತನ್ನ ಸದಸ್ಯರ ಮತ ಪಡೆಯತಕ್ಕದ್ದೆಂಬ ಷರತ್ತು ಕೇಂದ್ರದ ಕಾನೂನಿನಲ್ಲಿ ಇರುವುದಿಲ್ಲ. ಕಾನೂನು ಕೇಳುವುದು ನೋಟೀಸನ್ನು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 22ನೇ ಪ್ರಕರಣವು ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ನೋಟೀಸನ್ನು ಕಡ್ಡಾಯಗೊಳಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಅದನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿತು. ನೋಟೀಸು ನೀಡಿದ 14 ದಿನಗಳೊಳಗೆ ಕೆಲಸ ನಿಲ್ಲಿಸುವಂತಿಲ್ಲ. ರಾಜಿ ಸಂಧಾನ ನಡೆಯುತ್ತಿರುವಾಗಲೂ, ಅದು ಮುಗಿದ ನಂತರದ 7 ದಿನಗಳಲ್ಲಿಯೂ ನಿಲ್ಲಿಸುವಂತಿಲ್ಲ. ಒಂದೇ ದಿನ ಶೇಕಡ 50 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೆನಿಸುತ್ತದೆ.

ಮತದಾನದ ಪ್ರಶ್ನೆ ಏಳುವುದು ಇಲ್ಲಿಯೇ. ನೋಟೀಸಿಗೆ ಸಹಿ ಹಾಕುವವರು ಪದಾಧಿಕಾರಿಗಳು. ವೇತನ ಕಳೆದುಕೊಳ್ಳುವವರು ಸದಸ್ಯರೆಲ್ಲರೂ. ಮುಷ್ಕರವು ಕಾನೂನುಬದ್ಧವೂ ನ್ಯಾಯಸಮ್ಮತವೂ ಆಗಿದ್ದಲ್ಲಿ ಮಾತ್ರ ಆ ಅವಧಿಯ ವೇತನ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1994ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಕಾನೂನುಬಾಹಿರ ಮುಷ್ಕರದಲ್ಲಿ ಭಾಗವಹಿಸಿದ ಕಾರ್ಮಿಕನಿಗೆ ಸಂಹಿತೆಯು 1,000ದಿಂದ 10,000 ರೂಪಾಯಿವರೆಗೆ ದಂಡ, ಅಥವಾ ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಇಷ್ಟು ಹೊಣೆ ಹೊರುವವನ ಅಭಿಪ್ರಾಯವನ್ನು ಮೊದಲೇ ಕೇಳುವುದು ನ್ಯಾಯವೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಈ ವಾದ ಹೊಸದೇನೂ ಅಲ್ಲ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗವು 1969ರಲ್ಲಿಯೇ ಮತದಾನವನ್ನು ಶಿಫಾರಸು ಮಾಡಿತ್ತು. ನೆರೆಯ ಮಹಾರಾಷ್ಟ್ರವು 1971ರ ತನ್ನ ಕಾಯ್ದೆಯಲ್ಲಿ, ಮಾನ್ಯತೆ ಪಡೆದ ಸಂಘವಿರುವಲ್ಲಿ ನೋಟೀಸಿಗೆ ಮೊದಲು ಬಹುಮತ ಪಡೆಯದೆ ಹೂಡಿದ ಮುಷ್ಕರವನ್ನು ಕಾನೂನುಬಾಹಿರವೆಂದು ಸಾರಿತು. 2002ರಲ್ಲಿ ಎರಡನೇ ಆಯೋಗವು ಕನಿಷ್ಠ ಶೇಕಡ 51ರಷ್ಟು ಕಾರ್ಮಿಕರ ಬೆಂಬಲವಿರಬೇಕೆಂದಿತು. ಇದೇ ಶೇಕಡ 51ರ ಪ್ರಮಾಣವು 2020ರ ಸಂಹಿತೆಯಲ್ಲಿಯೂ ಇದೆ. ಆದರೆ ಮುಷ್ಕರಕ್ಕಲ್ಲ, ಮಾಲೀಕರೊಡನೆ ಮಾತುಕತೆ ನಡೆಸುವ ಏಕೈಕ ಸಂಘವನ್ನು ಗುರುತಿಸುವುದಕ್ಕೆ.

ಸಂಘಗಳ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಊರೂರಿಗೆ ಹಂಚಿಹೋದ ಸದಸ್ಯರ ಮತ ಸಂಗ್ರಹಿಸಲು ವಾರಗಳೇ ಬೇಕು. ಮತದಾರರ ಪಟ್ಟಿಯ ಬಗ್ಗೆಯೇ ವಿವಾದವೆದ್ದರೆ ಮೂಲ ಬೇಡಿಕೆ ಹಿಂದೆ ಸರಿಯುತ್ತದೆ. ಯಾರು ಯಾವ ಕಡೆ ಎಂಬುದು ಆಡಳಿತ ವರ್ಗಕ್ಕೆ ತಿಳಿಯುವ ಭಯವೂ ಉಂಟು. ಈ ಕೊನೆಯದಕ್ಕೆ ಗುಪ್ತ ಮತದಾನವೇ ಪರಿಹಾರ. ದ್ವಾರಸಭೆಯಲ್ಲಿ ಕೈ ಎತ್ತಿಸುವುದು ಅದಕ್ಕೆ ಬದಲಿಯಾಗದು. ಹಳೆಯ ಪಿಂಚಣಿ ಯೋಜನೆಯ ಬೇಡಿಕೆಗಾಗಿ 2023ರ ನವೆಂಬರ್‌ನಲ್ಲಿ ರೈಲ್ವೆ ನೌಕರರ ಸಂಘಟನೆಯು ದೇಶದಾದ್ಯಂತ ಗುಪ್ತ ಮತದಾನ ನಡೆಸಿದ್ದು, ದೊಡ್ಡ ಸಂಘಕ್ಕೂ ಇದು ಅಸಾಧ್ಯವಲ್ಲವೆಂಬುದಕ್ಕೆ ನಿದರ್ಶನ.

ಮತದಾನ ನಡೆಸಲಿಲ್ಲವೆಂಬ ಒಂದೇ ಕಾರಣಕ್ಕೆ ಸಂಹಿತೆಯಡಿ ಮುಷ್ಕರವು ಕಾನೂನುಬಾಹಿರವಾಗುವುದಿಲ್ಲ. ನಡೆಸಿದರೂ ನೋಟೀಸಿನಿಂದ ವಿನಾಯಿತಿ ದೊರೆಯುವುದಿಲ್ಲ. ಮತದಾನವನ್ನು ಬಯಸುವ ಸದಸ್ಯರು ಸಂಘದ ನಿಯಮಾವಳಿಗೆ ತಿದ್ದುಪಡಿಯನ್ನು ಸರ್ವಸದಸ್ಯರ ಸಭೆಯಲ್ಲಿ ಸೂಚಿಸಬಹುದು. ಸದಸ್ಯರ ಪಟ್ಟಿಯನ್ನು ಪರಿಶೀಲಿಸಲು ಸದಸ್ಯರಿಗೆ ಅವಕಾಶವಿರತಕ್ಕದ್ದು.